ವಾಸಕ್ಕೆ ಯೋಗ್ಯವಾದ ಊರು ಯಾವದು?

ಗೃಹಸ್ಥನು ಎಂಥ ಊರಲ್ಲಿ ವಾಸಿಸಬೇಕು, ಎಂಥದರಲ್ಲಿ ವಾಸಿಸಬಾರದು ಎಂಬದಕ್ಕೆ ನಮ್ಮ ನೀತಿಶಾಸ್ತ್ರಕಾರರು ಒಂದು ಲಕ್ಷಣವನ್ನು ಹೇಳಿರುವರು. ಧನಿಕ, ಶ್ರೋತ್ರಿಯ, ಅರಸು, ನದಿ, ವೈದ್ಯ ಈ ಐದೂ ಇಲ್ಲದ ಸ್ಥಳದಲ್ಲಿ ಒಂದು ದಿನವಾದರೂ ನಿಲ್ಲಬಾರದೆಂಬದು ಆ ಮಾತಿನ ತಾತ್ಪರ್ಯವು. ಮೂವತ್ತು ವರ್ಷಗಳಿಗಿಂತ ಹೆಚ್ಚು ಕಾಲ ಶಾಲೆಯಲ್ಲಿ ಸಂಸ್ಕೃತವನ್ನು ಕಲಿಸಿದ ನಾನು ಈ ಮಾತಿನ ಅನ್ವಯಾರ್ಥವನ್ನು ಎಷ್ಟು ಸಾರೆ ಹೇಳಿಕೊಟ್ಟಿರುವೆನೋ ಲೆಕ್ಕವಿಲ್ಲ. ಆದರೆ ಅದರ ನಿಜವಾದ ಅರ್ಥವು ನನಗೆ ತಿಳಿದದ್ದು ಅರುವತ್ತರ ಸಮೀಪದಲ್ಲಿ, ಸಮುದ್ರದಾಚೆಯ ಆಸ್ಟ್ರೇಲಿಯಾ ದೇಶದ ಸಿಡ್ನಿ ಪಟ್ಟಣದಲ್ಲಿ. ಅದೂ ಒಂದು ತಪ್ಪನ್ನು ಮಾಡಿದ ಬಳಿಕ. ನಮ್ಮ ವಾಚಕರಲ್ಲಿ ಅನೇಕರ ಮಕ್ಕಳು ಈಗ ಪರದೇಶಗಳಲ್ಲಿ ಸಂಸಾರ ಹೂಡುತ್ತಿರುವದರಿಂದ, ಆ ವೃತ್ತಾಂತವು ಯಾರಿಗಾದರೂ ಉಪಯೋಗವಾದೀತೆಂದು ಬರೆಯುತ್ತೇನೆ.

ಹಾವೇರಿಯ ಸಮೀಪದ ಅಗಡಿಯು ನಮ್ಮ ಊರು. ಅದನ್ನು ನಾನು ಆರಿಸಿಕೊಂಡವನಲ್ಲ. ನನ್ನ ತಂದೆಯೂ ಆರಿಸಿಕೊಂಡಿದ್ದಿಲ್ಲ. ಹುಟ್ಟುವಾಗಲೇ ಊರೂ, ಓಣಿಯೂ, ನೆರೆಯವರೂ ನಮಗೆ ದೊರೆತುಬಿಟ್ಟಿದ್ದರು. ಆದಕಾರಣ ‘ಎಲ್ಲಿ ಇರಬೇಕು?’ ಎಂಬ ಪ್ರಶ್ನೆಯು ನನ್ನ ಆಯುಷ್ಯದಲ್ಲಿ ಒಮ್ಮೆಯೂ ಎದ್ದಿದ್ದಿಲ್ಲ. ೨೦೨೩ರಲ್ಲಿ ನನ್ನ ಮಗನು ಕಾಯಂ ವಾಸದ ಪರವಾನಿಗೆಯನ್ನು ಪಡೆದು, ಹೆಂಡತಿಯನ್ನೂ ಆರು ವರ್ಷದ ಮಗಳನ್ನೂ ಕರೆದುಕೊಂಡು ಸಿಡ್ನಿಗೆ ಹೋದನು. ಒಂದು ತಿಂಗಳು ಗೆಳೆಯನ ಮನೆಯಲ್ಲಿದ್ದು, “ಅಪ್ಪಾ, ಮನೆಯನ್ನು ಹುಡುಕಬೇಕಾಗಿದೆ, ನೀವೂ ಬಂದು ನಾಲ್ಕೈದು ತಿಂಗಳು ಇದ್ದರೆ ನಮಗೆ ಧೈರ್ಯ,” ಎಂದು ಕರೆದನು. ನಾನು ಸಪ್ಟಂಬರದಲ್ಲಿ ಬೆಂಗಳೂರಿನಿಂದ ವಿಮಾನವನ್ನು ಹತ್ತಿದೆನು.

ಸಿಡ್ನಿಯನ್ನು ಒಂದು ಊರೆಂದು ತಿಳಿದಿದ್ದೆನು. ಅದು ನೂರಾರು ಊರುಗಳ ಸಮುದಾಯವು. ಪೂರ್ವದಲ್ಲಿ ಸಮುದ್ರ, ಪಶ್ಚಿಮದಲ್ಲಿ ನೀಲಿಪರ್ವತಗಳು; ನಡುವಿನ ಬಯಲಲ್ಲೆಲ್ಲ ಉಪನಗರಗಳು ಹಬ್ಬಿರುವವು. ಪ್ರತಿಯೊಂದಕ್ಕೂ ತನ್ನದೇ ಹೆಸರು, ತನ್ನದೇ ಅಂಚೆಯ ಅಂಕಿ, ಹಲವಕ್ಕೆ ತಮ್ಮದೇ ರೇಲ್ವೆ ನಿಲ್ದಾಣವು ಉಂಟು. ಪಟ್ಟಣದ ಮಧ್ಯದಿಂದ ಪಶ್ಚಿಮಕ್ಕೆ ಪ್ಯಾರಮಟ್ಟ ಎಂಬ ಹಳೆಯ ಊರಿದೆ. ಇಂಗ್ಲಿಷರು ಸಿಡ್ನಿಯಲ್ಲಿ ಇಳಿದ ೧೭೮೮ರಲ್ಲಿಯೇ, ಧಾನ್ಯಕ್ಕೆ ಒಳ್ಳೆಯ ನೆಲವನ್ನು ಹುಡುಕುತ್ತ ಹೊಳೆಯ ಗುಂಟ ಬಂದು ಅಲ್ಲಿ ನೆಲಸಿದರು. ಅವರಿಗಿಂತ ಎಷ್ಟೋ ಸಾವಿರ ವರ್ಷಗಳ ಮೊದಲಿನಿಂದ ದಾರುಗ್ ಜನರು ಅಲ್ಲಿ ವಾಸಿಸುತ್ತಿದ್ದರು; ಹಾವುಮೀನುಗಳಿರುವ ಸ್ಥಳವೆಂಬರ್ಥದ ಪ್ಯಾರಮಟ್ಟ, ಹೂಗಳ ಸ್ಥಳವೆಂಬರ್ಥದ ಗಿರವೀನ್ ಮುಂತಾದ ಹೆಸರುಗಳು ಆ ಮೂಲನಿವಾಸಿಗಳ ಭಾಷೆಗಳಿಂದ ಬಂದವು. ಹೊಸಬರು ಬಂದು ನೆಲಸುವದಕ್ಕೆ ಈ ಭಾಗವು ಅಂದಿನಿಂದ ಇಂದಿನ ವರೆಗೆ ಹೆಸರಾಗಿದೆ. ಪ್ಯಾರಮಟ್ಟಕ್ಕೆ ಹೊಂದಿದ ಹ್ಯಾರಿಸ್ ಪಾರ್ಕಿನಲ್ಲಿ ನಡೆದರೆ ನಮ್ಮ ದೇಶದ ಅಂಗಡಿಗಳೂ ಊಟದ ಮನೆಗಳೂ ಸಾಲಾಗಿ ಕಾಣುವವು.

ಆ ದೇಶದಲ್ಲಿ ಬಾಡಿಗೆಯನ್ನು ತಿಂಗಳಿಗಲ್ಲ, ವಾರಕ್ಕೆ ಇಷ್ಟೆಂದು ಹೇಳುವರು. ಮನೆಯನ್ನು ನೋಡುವದಕ್ಕೆ ಸಾಮಾನ್ಯವಾಗಿ ಶನಿವಾರದ ದಿವಸ ಹದಿನೈದು ನಿಮಿಷಗಳ ಅವಕಾಶವನ್ನು ಕೊಡುವರು. ಆಗ ಬಾಡಿಗೆಮನೆಗಳ ಅಭಾವವಿದ್ದುದರಿಂದ ಒಂದೊಂದು ಮನೆಯ ಮುಂದೆ ಇಪ್ಪತ್ತು ಮೂವತ್ತು ಜನ ಸಾಲಾಗಿ ನಿಂತಿರುತ್ತಿದ್ದರು. ನಾವು ಮೂರು ಶನಿವಾರ ತಿರುಗಿದೆವು. ನಿಲ್ದಾಣಗಳ ಹತ್ತಿರದ ಮನೆಗಳು ನನಗೆ ಸೇರಲಿಲ್ಲ. ಎರಡು ಕೋಣೆ, ಒಂದು ಮೊಗಸಾಲೆ, ಮೇಲೆ ಒಬ್ಬರು, ಕೆಳಗೆ ಒಬ್ಬರು. ಅಂಗಳವಿಲ್ಲ, ತುಳಸಿಗೆ ನೆಲವಿಲ್ಲ. ಕಡೆಗೆ ಪಟ್ಟಣದ ತೀರ ಹೊರವಲಯದ ಒಂದು ಹೊಸ ಬಡಾವಣೆಯಲ್ಲಿ ಅದೇ ಬಾಡಿಗೆಗೆ ನಾಲ್ಕು ಕೋಣೆಗಳ ಹೊಸ ಮನೆಯೂ, ಹಿಂದೆ ಹಿತ್ತಲವೂ ದೊರೆತವು. ಮಗನು ಅನುಮಾನಿಸಿದನು. ಸೊಸೆಯು ಏನೂ ಅನ್ನಲಿಲ್ಲ. “ಮಗು ಆಡುವದಕ್ಕೆ ಮಣ್ಣು ಬೇಡವೇ? ಇದೇ ಇರಲಿ,” ಎಂದು ನಾನೇ ಹಟಹಿಡಿದೆನು. ಅಕ್ಟೋಬರದಲ್ಲಿ ಆರು ತಿಂಗಳ ಕರಾರಿಗೆ ರುಜು ಬಿದ್ದಿತು.

ಮನೆಯು ದೊಡ್ಡದೇ ಇದ್ದಿತು. ಆದರೆ ಮಗನು ಮುಂಜಾನೆ ಆರು ಗಂಟೆಗೆ ಹೊರಟರೆ ಸಂಜೆ ಏಳಕ್ಕೆ ಬರುವನು. ಬಸ್ಸು ತಾಸಿಗೊಂದು. ಹಾಲು ತರಬೇಕಾದರೂ ಕಾರು ಬೇಕು. ಸೊಸೆಯು ಊರಲ್ಲಿ ಸ್ಕೂಟರ ಹೊರತು ಬೇರೆ ವಾಹನವನ್ನು ನಡಿಸಿದವಳಲ್ಲ. ನಮ್ಮ ದೇಶದ ಪರವಾನಿಗೆಯಿದ್ದರೂ ಅಲ್ಲಿ ಕಾಯಂ ನೆಲಸುವವರು ಮತ್ತೆ ಪರೀಕ್ಷೆಗೆ ಕೂಡ್ರಬೇಕು. ಬೀದಿಯಲ್ಲಿ ಹಗಲೆಲ್ಲ ಮನುಷ್ಯರ ಸುಳಿವಿಲ್ಲ. ಗ್ಯಾರೇಜಿನ ಬಾಗಿಲು ತೆರೆಯುವದು, ಕಾರು ಒಳಹೊಗುವದು, ಬಾಗಿಲು ಮುಚ್ಚುವದು, ಇಷ್ಟೇ. ಅದರ ಮೇಲೆ ನವಂಬರ ಬಂದಂತೆ ಬಿಸಿಲು ಏರಹತ್ತಿತು. ಸಮುದ್ರದ ತಂಗಾಳಿಯು ಅಷ್ಟು ಒಳಗೆ ತಲುಪುವದಿಲ್ಲವಾದ್ದರಿಂದ, ಬೇಸಿಗೆಯಲ್ಲಿ ಸಿಡ್ನಿಯ ಪಶ್ಚಿಮಭಾಗವು ಕಡಲತಡಿಗಿಂತ ಎಷ್ಟೋ ಹೆಚ್ಚು ಕಾಯುವದು. ಪಶ್ಚಿಮದಂಚಿನ ಪೆನ್ರಿತ್ ಊರಲ್ಲಿ ೨೦೨೦ರ ಜನವರಿ ೪ರಂದು ಉಷ್ಣತೆಯು ೪೮.೯ ಡಿಗ್ರಿಗೆ ಮುಟ್ಟಿತ್ತು. ನಮ್ಮ ಮನೆಗೆ ಕಪ್ಪು ಹೆಂಚು, ಎಲ್ಲ ಕಿಟಕಿಗಳೂ ಪಡುವಣಕ್ಕೆ, ಸುತ್ತ ಒಂದು ಗಿಡವಿಲ್ಲ. ಭೂಮಿಯ ದಕ್ಷಿಣಾರ್ಧದಲ್ಲಿ ಸೂರ್ಯನು ಉತ್ತರದ ಆಕಾಶದಲ್ಲಿ ಸಂಚರಿಸುವನೆಂದೂ, ಅಲ್ಲಿಯ ತಿಳಿದವರು ಚಳಿಗಾಲದ ಬಿಸಿಲಿಗಾಗಿ ಉತ್ತರದ ಕಿಟಕಿಗಳನ್ನು ಬಯಸಿ ಪಡುವಣ ಬಿಸಿಲನ್ನು ತಪ್ಪಿಸುವರೆಂದೂ ನನಗೆ ಮೊದಲೇ ಹೊಳೆಯಬೇಕಾಗಿತ್ತು. ಮುಂಬಾಗಿಲು ಪೂರ್ವಕ್ಕಿದೆಯೆಂದಷ್ಟೇ ನೋಡಿ ಸಂತೋಷಪಟ್ಟಿದ್ದೆನು. ಮೊಮ್ಮಗಳು ಮಣ್ಣಲ್ಲಿ ಆಡಲೆಂದು ಹಿಡಿದ ಮನೆಯಲ್ಲಿ, ಮಗುವು ಹಗಲೆಲ್ಲ ಪರದೆ ಎಳೆದ ಕೋಣೆಯಲ್ಲಿ ಕೂಡ್ರುವಂತಾಯಿತು.

ಡಿಸೆಂಬರದ ಒಂದು ದಿವಸ ಮಧ್ಯಾಹ್ನಕ್ಕೆ ಅದಕ್ಕೆ ಜ್ವರ ಬಂದಿತು. ಒಂದು ತಾಸಿನಲ್ಲಿ ಮೈ ಕೆಂಡವಾಯಿತು. ಕುಡಿದ ನೀರು ನಿಲ್ಲದಾಯಿತು. ಮಗನು ಕೆಲಸದ ಒಂದು ಕೋಣೆಯಲ್ಲಿದ್ದನಂತೆ, ದೂರವಾಣಿಗೆ ಸಿಕ್ಕಲಿಲ್ಲ. ಬಾಡಿಗೆಯ ಕಾರೊಂದು ಬರುತ್ತೇನೆಂದು ಹೇಳಿ ಬರಲಿಲ್ಲ. ನಾನು ಎಡಗಡೆಯ ಮನೆಯ ಬಾಗಿಲು ಬಡಿದೆನು, ಬಲಗಡೆಯದನ್ನು ಬಡಿದೆನು, ಯಾರೂ ಇದ್ದಿಲ್ಲ. ಇದ್ದರೂ ಅವರ ಹೆಸರು ನನಗೆ ಗೊತ್ತಿದ್ದಿಲ್ಲ. ಸೊಸೆಯು ಮಗುವನ್ನು ಹೆಗಲಿಗೆ ಹಾಕಿಕೊಂಡು ಆ ಬಿಸಿಲಲ್ಲಿ ಬಸ್ಸಿನ ಕಂಬದ ಬಳಿಗೆ ನಡೆದಳು. ನಾನು ಕೊಡೆ ಹಿಡಿದು ಹಿಂದೆ ನಡೆದೆನು. ವೈದ್ಯರನ್ನು ಕಾಣುವಾಗ ಎರಡೂವರೆ ತಾಸು ಆಗಿದ್ದಿತು. ದೇವರ ದಯದಿಂದ ಮಗುವಿಗೆ ಏನೂ ಆಗಲಿಲ್ಲ. ಮೂರು ದಿನಗಳಲ್ಲಿ ಎದ್ದು ಆಡಿತು. ಸೊಸೆಯು ನನಗೆ ಒಂದು ಮಾತನ್ನೂ ಅನ್ನಲಿಲ್ಲ. ಆ ರಾತ್ರಿ ಅಡಿಗೆಮನೆಯಲ್ಲಿ ಒಬ್ಬಳೇ ಕೂತು ಅತ್ತದ್ದನ್ನು ನಾನು ಕೇಳಿದೆನು. ಮರುದಿವಸ ಮಗನನ್ನು ಕರೆದು, “ಮನೆಯನ್ನು ಆರಿಸಿದ್ದು ನನ್ನ ತಪ್ಪು. ಇನ್ನೊಮ್ಮೆ ಹುಡುಕೋಣ. ಈ ಸಾರೆ ಹೆಚ್ಚು ಹೊತ್ತು ಮನೆಯಲ್ಲಿರುವವಳು ಆರಿಸಲಿ,” ಎಂದೆನು.

ಆಗ ನೀತಿಕಾರನ ಐದು ಲಕ್ಷಣಗಳನ್ನು ಒಂದು ಕಾಗದದ ಮೇಲೆ ಬರೆದು ಸೊಸೆಯ ಮುಂದಿಟ್ಟೆನು. ಅವಳು ನಕ್ಕಳು; ಆದರೆ ಅವುಗಳಿಗೆ ಇಂದಿನ ಅರ್ಥವನ್ನು ಹೇಳಿದವಳು ಅವಳೇ.

ಧನಿಕನೆಂದರೆ ಜೀವನೋಪಾಯವು. ಬಾಡಿಗೆಯೊಂದನ್ನೇ ನೋಡಬಾರದು, ಬಾಡಿಗೆ, ಪ್ರಯಾಣದ ವೆಚ್ಚ, ಎರಡನೆಯ ಕಾರಿನ ವೆಚ್ಚ ಮೂರನ್ನೂ ಕೂಡಿಸಬೇಕು. ಹಾಗೆ ಕೂಡಿಸಲಾಗಿ ದೂರದ ದೊಡ್ಡ ಮನೆಯು ಹತ್ತಿರದ ಸಣ್ಣ ಮನೆಗಿಂತ ತುಟ್ಟಿಯಾಗಿತ್ತು. ತಂದೆಯಾದವನು ಮಗುವನ್ನು ಎಚ್ಚರವಿರುವಾಗ ಕಾಣುವ ತಾಸುಗಳನ್ನು ಬೇರೆ ಲೆಕ್ಕ ಹಿಡಿಯಬೇಕು.

ಶ್ರೋತ್ರಿಯನೆಂದರೆ ಶಾಲೆಯು. ಅಲ್ಲಿ ಸರಕಾರಿ ಪ್ರಾಥಮಿಕ ಶಾಲೆಗೆ ಮಗುವನ್ನು ಸೇರಿಸುವದು ಮನೆಯ ವಿಳಾಸದ ಮೇಲಿಂದ. ಪ್ರತಿ ಶಾಲೆಗೂ ಒಂದು ಎಲ್ಲೆಯುಂಟು, ಬೀದಿಯ ಈ ಮಗ್ಗಲಿನವರು ಒಂದಕ್ಕೆ, ಆ ಮಗ್ಗಲಿನವರು ಇನ್ನೊಂದಕ್ಕೆ ಹೋಗಬೇಕಾಗಬಹುದು. ಆದುದರಿಂದ ಕರಾರಿಗೆ ಮೊದಲೇ ಎಲ್ಲೆಯನ್ನು ನೋಡಿಕೊಳ್ಳಬೇಕು. ನಮ್ಮವರಲ್ಲಿ ಒಂದು ಭ್ರಮೆಯುಂಟು: ಗಿರವೀನಿನಲ್ಲಿರುವಂಥ ಹೆಸರಾದ ಆಯ್ಕೆಯ ಪ್ರೌಢಶಾಲೆಯ ಬಳಿಗೆ ಮನೆ ಹಿಡಿದರೆ ಮಗುವಿಗೆ ಅಲ್ಲಿ ಸ್ಥಳ ದೊರೆಯುವದೆಂದು. ಹಾಗಿಲ್ಲ. ಆ ಶಾಲೆಗಳಿಗೆ ಆರನೆಯ ಇಯತ್ತೆಯಲ್ಲಿ ಕೊಡುವ ಪರೀಕ್ಷೆಯೇ ದಾರಿಯು. ಹತ್ತಿರವಿದ್ದವರಿಗೆ ನಡೆಯುವ ಶ್ರಮವು ತಪ್ಪೀತಷ್ಟೇ. ಆರು ವರ್ಷದ ಕೂಸಿನ ಸಲುವಾಗಿ ಪ್ರೌಢಶಾಲೆಯನ್ನು ನೋಡುವದಕ್ಕಿಂತ, ಅದು ತಾಯಿಯ ಕೈಹಿಡಿದು ನಡೆದು ಮುಟ್ಟಬಹುದಾದ ಶಾಲೆಯನ್ನು ನೋಡುವದೇ ವಿವೇಕವು.

ಅರಸನೆಂದರೆ ಕಾಯಿದೆಯು. ಬಾಡಿಗೆಯವರು ಕೊಡುವ ಠೇವಣಿಯು ನಾಲ್ಕು ವಾರದ ಬಾಡಿಗೆಯನ್ನು ಮೀರಕೂಡದು. ಅದು ಮಾಲಿಕನ ಕೈಯಲ್ಲಿ ಅಲ್ಲ, ಸರಕಾರದಲ್ಲಿ ಇರುವದು. ನಾವು ಅವಧಿಗೆ ಮುಂಚೆ ಮನೆ ಬಿಡುವದಾದರೆ ಏನು ದಂಡವೋ ಎಂದು ಅಂಜಿದ್ದೆವು. ಕಾಯಿದೆಯಲ್ಲಿ ಅದಕ್ಕೂ ಲೆಕ್ಕವಿದ್ದಿತು. ಅರ್ಧ ಅವಧಿ ಕಳೆದು ಮುಕ್ಕಾಲು ತುಂಬದಿದ್ದರೆ ಎರಡು ವಾರದ ಬಾಡಿಗೆ. ಅಷ್ಟನ್ನು ನನ್ನ ಪಿಂಚಣಿಯಿಂದಲೇ ಕೊಟ್ಟೆನು. ಕೊಡುವದು ನ್ಯಾಯವಾಗಿಯೂ ಇದ್ದಿತು.

ನದಿಯ ವಿಷಯದಲ್ಲಿ ಎರಡು ಮಾತು. ಕುಡಿಯುವ ನೀರು ಪ್ರತಿ ಮನೆಯ ನಲ್ಲಿಯಲ್ಲಿ ಶುದ್ಧವಾಗಿ ಬರುವದರಿಂದ ಆ ಚಿಂತೆಯಿಲ್ಲ. ನೋಡಬೇಕಾದದ್ದು ನದಿಯ ಸಾಮೀಪ್ಯವನ್ನಲ್ಲ, ಅದರ ಕೋಪವನ್ನು. ಸಿಡ್ನಿಯ ಪಶ್ಚಿಮೋತ್ತರದಲ್ಲಿ ಹಾಕ್ಸ್‌ಬರಿ-ನೇಪಿಯನ್ ಎಂಬ ನದಿಯುಂಟು. ಅದರ ಬಯಲು ವಿಶಾಲ. ಮುಂದೆ ನೀರು ಹೊರಹೋಗುವ ಕಣಿವೆಯು ಇಕ್ಕಟ್ಟು. ಆದಕಾರಣ ಮಹಾಮಳೆಯಾದಾಗ ನೀರು ಕಟ್ಟಿದ ತೊಟ್ಟಿಯಂತೆ ಏರುವದು. ೨೦೨೧ರಲ್ಲಿಯೂ ೨೦೨೨ರಲ್ಲಿಯೂ ಅಲ್ಲಿ ಮಹಾಪೂರಗಳು ಬಂದವು. ೨೦೨೨ರಲ್ಲಿ ವಿಂಡ್ಸರ್ ಊರಿನ ಹತ್ತಿರ ಹೊಳೆಯು ಹದಿಮೂರು ಮೀಟರಿಗಿಂತ ಮೇಲಕ್ಕೆ ಏರಿತ್ತು. ೨೦೧೯ರ ಆಗಸ್ಟದಲ್ಲಿ ವರದೆಯ ಹೊಡೆತವನ್ನು ಕಂಡ ನಮಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ. ಮನೆಯಿರುವ ನೆಲವು ಪೂರದ ಪಾತ್ರದಲ್ಲಿದೆಯೋ ಎಂಬದನ್ನು ಸರಕಾರದ ನಕಾಶೆಗಳಲ್ಲಿ ಯಾರಾದರೂ ನೋಡಬಹುದು. ಹಿಂದಣ ಅಗ್ಗದ ಬಾಡಿಗೆಗೆ ಅದೇ ಕಾರಣವಾಗಿರಬಹುದು.

ವೈದ್ಯನ ವಿಷಯವನ್ನು ಸೊಸೆಗೆ ನಾನು ಹೇಳಬೇಕಾಗಲಿಲ್ಲ. ಪ್ಯಾರಮಟ್ಟದ ಮುಂದಿನ ನಿಲ್ದಾಣವು ವೆಸ್ಟ್‌ಮೀಡ್. ಅಲ್ಲಿ ೧೯೭೮ರಲ್ಲಿ ತೆರೆದ ದೊಡ್ಡ ಆಸ್ಪತ್ರೆಯೂ, ೧೯೯೫ರಿಂದ ಮಕ್ಕಳ ಬೇರೆ ಆಸ್ಪತ್ರೆಯೂ ಇರುವವು. ಅದರ ಮುಂದಿನದು ವೆಂಟ್‌ವರ್ತ್‌ವಿಲ್. “ಈ ಎರಡು ನಿಲ್ದಾಣಗಳ ಆಚೀಚೆ ಹುಡುಕಿರಿ,” ಎಂದು ಅವಳು ಬೆರಳಿಟ್ಟು ತೋರಿಸಿದಳು.

ಈ ಸಾರೆ ನಾವು ಶನಿವಾರದ ಹದಿನೈದು ನಿಮಿಷಗಳನ್ನು ನಂಬಲಿಲ್ಲ. ಒಂದು ವಾರದ ದಿವಸ, ಶಾಲೆಗಳಿಗೆ ಬೇಸಿಗೆಯ ರಜೆ ಬೀಳುವ ಮುಂಚೆ, ವೆಂಟ್‌ವರ್ತ್‌ವಿಲ್ಲಿಗೆ ಹೋಗಿ ಮಧ್ಯಾಹ್ನ ಮೂರು ಗಂಟೆಗೆ ಶಾಲೆ ಬಿಡುವ ಹೊತ್ತಿಗೆ ಬಾಗಿಲಲ್ಲಿ ನಿಂತೆವು. ಅಜ್ಜಂದಿರೂ ಅಜ್ಜಿಯರೂ ಮೊಮ್ಮಕ್ಕಳಿಗಾಗಿ ಕಾಯುತ್ತಿದ್ದರು. ತಮಿಳು, ತೆಲುಗು, ಗುಜರಾತಿ, ಅರಬ್ಬಿ, ಚೀನೀ ಮಾತುಗಳು ಕಿವಿಗೆ ಬಿದ್ದವು. ನಿಲ್ದಾಣದಿಂದ ಅಂಗಡಿಗೆ, ಅಂಗಡಿಯಿಂದ ಪುಸ್ತಕಾಲಯಕ್ಕೆ ನಡೆದೆವು. ಒಂದು ಕಿರಾಣಿ ಅಂಗಡಿಯಲ್ಲಿ ಬ್ಯಾಡಗಿ ಮೆಣಸಿನಕಾಯಿಯ ಪೊಟ್ಟಣವನ್ನು ಕಂಡು ನನ್ನ ಕಾಲು ತಾನಾಗಿಯೇ ನಿಂತಿತು. ಮೇಸ್ ಹಿಲ್ಲಿನ ಮುರುಗನ ಗುಡಿಯೂ ದೂರವಲ್ಲ. ಸಂಜೆ ಕತ್ತಲಾದ ಮೇಲೆ ನಿಲ್ದಾಣದಿಂದ ಮತ್ತೊಮ್ಮೆ ನಡೆದು, ದೀಪಗಳಿವೆಯೇ, ಒಬ್ಬ ಹೆಣ್ಣುಮಗಳು ಅಂಜದೆ ಬರಬಹುದೇ ಎಂದು ನೋಡಿದೆವು. ಜನವರಿಯ ಕಡೆಗೆ, ಶಾಲೆಯು ಮತ್ತೆ ತೆರೆಯುವ ಮುಂಚೆ, ಎರಡು ಕೋಣೆಗಳ ನೆಲಮಹಡಿಯ ಮನೆಯೊಂದು ದೊರೆಯಿತು. ಮೊಗಸಾಲೆಯ ಕಿಟಕಿ ಉತ್ತರಕ್ಕೆ. ಹಿತ್ತಲವಿಲ್ಲ, ತುಳಸಿಯು ಕುಂಡದಲ್ಲಿ ಬೆಳೆಯಿತು.

ಮನೆ ಹೊಕ್ಕ ಎರಡನೆಯ ದಿನ ಪಕ್ಕದ ಗೋಡೆಯ ಮೇಲಿಂದ ಒಂದು ಕೈ ನಾಲ್ಕು ನಿಂಬೆಯಹಣ್ಣುಗಳನ್ನು ಚಾಚಿತು. ಅದು ಮಾಲ್ಟಾ ದ್ವೀಪದ ಒಬ್ಬ ಮುದುಕಿಯದು. ಅರುವತ್ತು ವರ್ಷಗಳ ಹಿಂದೆ ಮದುವೆಯಾದ ಹೊಸದರಲ್ಲಿ ಹಡಗಿನಲ್ಲಿ ಬಂದವಳು. ಅವಳ ದೇಶದವರು ಅನೇಕರು ಆ ಸುತ್ತಿನಲ್ಲಿಯೇ ನೆಲಸಿರುವರು. ನನ್ನ ತಡವರಿಸುವ ಇಂಗ್ಲಿಷಿಗೂ ಅವಳ ಇಂಗ್ಲಿಷಿಗೂ ಚೆನ್ನಾಗಿ ಹೊಂದಿತು. ಒಂದು ದಿನ ಅವಳು ಅಂದಳು: “ನನ್ನ ಮಕ್ಕಳು ನಮ್ಮ ಮಾತನ್ನು ಆಡುವರು. ಮೊಮ್ಮಕ್ಕಳು ಕೇಳಿ ನಗುವರು. ಮರಿಮಕ್ಕಳಿಗೆ ಅದು ಹಕ್ಕಿಯ ಕೂಗಿದ್ದಂತೆ. ನಾವು ಮನೆ ಕಟ್ಟಿದೆವು, ಸಾಲ ತೀರಿಸಿದೆವು, ಇದೊಂದನ್ನು ಮರೆತೆವು.” ಆ ಮಾತನ್ನು ಮಗನಿಗೂ ಸೊಸೆಗೂ ಹೇಳಿದೆನು. ಸಿಡ್ನಿಯಲ್ಲಿ ಸುಗಮ ಕನ್ನಡ ಕೂಟವೆಂಬ ನಮ್ಮವರ ಸಂಘವಿದೆ. ಅದರ ಕಡೆಯಿಂದ ಮಕ್ಕಳಿಗೆ ರಜೆಯ ದಿನಗಳಲ್ಲಿ ಕನ್ನಡವನ್ನು ಕಲಿಸುವರು. ಮೊಮ್ಮಗಳ ಹೆಸರನ್ನು ಅಲ್ಲಿ ಬರೆಯಿಸಿಯೇ ನಾನು ಹೊರಟದ್ದು.

ವಾಚಕರೇ, ಐದು ಲಕ್ಷಣಗಳಿಗೆ ಆರನೆಯದೊಂದನ್ನು ಸೇರಿಸುವಷ್ಟು ಅಧಿಕಾರವು ನನಗಿಲ್ಲ. ಆದರೂ ಅನುಭವದಿಂದ ಹೇಳುತ್ತೇನೆ: ನೆರೆಯವರಿಲ್ಲದ ಊರಲ್ಲಿ ಉಳಿದ ಐದೂ ಇದ್ದು ಪೂರ್ಣ ಫಲವಿಲ್ಲ. ಅಗಡಿಯಲ್ಲಿ ನಮ್ಮ ಮನೆಯಲ್ಲಿ ಕೂಸು ಅತ್ತರೆ ಮೂರು ಮನೆಯವರು ಕೇಳುತ್ತಿದ್ದರು. ಅದು ಒಂದು ಸಂಪತ್ತೆಂದು ನನಗೆ ಗೊತ್ತಿದ್ದಿಲ್ಲ. ಪರದೇಶಕ್ಕೆ ಹೋದ ಮಕ್ಕಳು ಮನೆಯನ್ನು ಹುಡುಕುವಾಗ ನಮ್ಮಂಥ ಹಿರಿಯರು ಅಂಗಳವನ್ನೂ ಕೋಣೆಗಳನ್ನೂ ಎಣಿಸುತ್ತ ಕೂಡ್ರಬಾರದು. ಹಗಲೆಲ್ಲ ಆ ಮನೆಯಲ್ಲಿರುವವರು ಯಾರು, ಕಷ್ಟ ಬಂದಾಗ ಅವರು ಯಾರ ಬಾಗಿಲನ್ನು ಬಡಿಯಬಲ್ಲರು ಎಂದು ಮೊದಲು ಕೇಳಬೇಕು.

ನಾನು ಫೆಬ್ರುವರಿಯಲ್ಲಿ ಊರಿಗೆ ಬಂದೆನು. ಹೊರಡುವ ಮುನ್ನಾದಿನ ಮೊಮ್ಮಗಳು ಶಾಲೆಯಿಂದ ನಡೆದುಬರುತ್ತ, ಒಂದೊಂದು ಬಾಗಿಲನ್ನು ತೋರಿಸಿ ಅಲ್ಲಿರುವವರ ಹೆಸರುಗಳನ್ನು ನನಗೆ ಹೇಳುತ್ತಿದ್ದಳು. ನಾನು ಏಳರ ವರೆಗೆ ಎಣಿಸಿದೆನು.