ಪಾವಟಿಗಿ ಮ್ಯಾಲಿನ ಹುಡುಗೂರು

ಹೋದ ಸಲ ಅಂಟಿನುಂಡಿ ಮಾಡೂದು ಬರದಿದ್ದೆ. ಈ ಸಲ ತಿನ್ನೂ ಮಾತಲ್ಲ, ನನ್ನ ಒಂದು ತಪ್ಪಿನ ಮಾತು.

2024ರಾಗ ಮಗಳ ಬಾಣಂತನಕ್ಕ ಅಮೆರಿಕಾದ ಫಿಲಡೆಲ್ಫಿಯಾಕ್ಕ ಹೋಗಿದ್ದೆನಲ್ಲ, ಆಗಿನ ಸಂಗತಿ. ಜೂನ್ ಮೊದಲನೇ ವಾರ. ಕೂಸಿನ್ನ ಡಾಕ್ಟರಿಗೆ ತೋರಿಸಿಕೊಂಡು ಬ್ರಾಡ್ ಸ್ಟ್ರೀಟ್ ಅನ್ನೋ ದೊಡ್ಡ ರಸ್ತಾದಾಗ ಬರ್ತಿದ್ವಿ. ದಪ್ಪ ಕಂಬದ ಒಂದು ಹಳೇ ಕಟ್ಟಡದ ಪಾವಟಿಗಿ ತುಂಬ ಹುಡುಗೂರು. ಕೆಲವರು ತುತ್ತೂರಿ ಊದಾಕತ್ತಿದ್ರು, ಕೆಲವರು ಕುಣೀತಿದ್ರು, ಕೆಲವರು ರಟ್ಟಿನ ಮ್ಯಾಲೆ ಬಣ್ಣ ಹಚ್ಚತಿದ್ರು. "ಯಾರದರೆ ಮದವಿ ಏನವಾ?" ಅಂದೆ. "ಮದವಿ ಅಲ್ಲವ್ವಾ, ಅವರ ಕಾಲೇಜು ಮುಚ್ಚಾಕತ್ತಾರ" ಅಂದ್ಲು ಮಗಳು.

ಅದು ಯೂನಿವರ್ಸಿಟಿ ಆಫ್ ದಿ ಆರ್ಟ್ಸ್. ಅದರ ಬೇರು 1870ರ ದಶಕದ್ದು. ಚಿತ್ರ, ಸಂಗೀತ, ನೃತ್ಯ, ನಾಟಕ ಎಲ್ಲಾ ಅಲ್ಲೇ ಕಲಿಸ್ತಿದ್ರು. ಸಾವಿರದ ಮ್ಯಾಲೆ ಹುಡುಗೂರು. ಮೇ 31ಕ್ಕ ಸುದ್ದಿ ಹೊರಬಿತ್ತು, ಜೂನ್ 7ಕ್ಕ ಬಾಗಲಾ ಬಂದ್. ಒಂದ ವಾರ! ಎಷ್ಟೋ ಮಂದಿಗೆ ಪೇಪರಿನ್ಯಾಗ ಓದಿದ ಮ್ಯಾಲೇ ಗೊತ್ತಾತಂತ. ಸೇರೋವರು ಕಡಿಮಿ ಆದ್ರು, ರೊಕ್ಕ ಸಾಲಲಿಲ್ಲ ಅನ್ನೂದು ಕಾರಣ. ಅದೇ ರಸ್ತಾದಾಗ 1805ರ ಇನ್ನೊಂದು ಕಲಾ ಅಕಾಡೆಮಿನೂ ಅದ. ಅವರೂ ಅದೇ ವರ್ಷ ಜನವರಿಯಾಗ, ಮ್ಯೂಸಿಯಂ ಇರ್ತದ, ಡಿಗ್ರಿ ಕೊಡೂದು ನಿಲ್ಲಸ್ತೀವಿ ಅಂದಿದ್ರು.

ಸಿಗ್ನಲ್ಲಿಗೆ ಕಾರು ನಿಂತಿತ್ತು. ಪಾವಟಿಗಿ ಬಾಜೂಕ ಒಬ್ಬಾಕಿ ಕುಣಿಯೂದನ್ನ ಒಬ್ಬ ನೆರತ ಕೂದಲಿನ ಮನಷ್ಯಾ ನೋಡ್ಕೋತ ನಿಂತಿದ್ದ. ಮಾಸ್ತರ ಇರಬೇಕು. ಮುಂದ ಬಂದು ಆಕಿ ಮೊಣಕೈ ಒಂದೀಟು ಮ್ಯಾಲೆ ಎತ್ತಿ ತಿದ್ದಿದ. ಆಕಿ ಮತ್ತ ಮೊದಲಿಂದ ಕುಣಿದ್ಲು. ಕಾಲೇಜು ನಾಲ್ಕು ದಿನಕ್ಕ ಮುಚ್ಚತದ, ಇಂವಾ ಇನ್ನೂ ಮೊಣಕೈ ತಿದ್ದಾಕತ್ತಾನ!

ನನಗ ಅಕ್ಕನ ಮಗಳು ನೆನಪಾದ್ಲು.

ಪಿಯುಸಿ ಆದ ಮ್ಯಾಲೆ ಆಕಿ ನಮ್ಮ ಧಾರವಾಡದಾಗ ಹಾಲಭಾವಿಯವರು ಕಟ್ಟಿದ ಚಿತ್ರಕಲಾ ಶಾಲೆಗೆ ಹೋಗತೀನಿ ಅಂದಿದ್ಲು. ಮನಿಮಂದಿ ಎಲ್ಲಾ ಕೂತು ಮಾತಾಡಿದ್ವಿ. ಹೆಚ್ಚು ಮಾತಾಡಿದಾಕಿ ನಾನ. "ನಮ್ಮಜ್ಜಿ ಇಳಕಲ್ ಸೀರಿ ತುಂಬ ಗೋಪುರ, ತೇರು, ನವಲು ಕಸೂತಿ ಹಾಕತಿದ್ಲು. ಆಕಿ ಯಾವ ಕಾಲೇಜಿಗೆ ಹೋಗಿದ್ಲು? ನೀನೂ ಮನ್ಯಾಗ ಕೂತು ತಗಿ. ಹೊಟ್ಟಿಪಾಡಿಗೆ ಬಿ.ಕಾಂ. ಮಾಡು" ಅಂದೆ. ಆಕಿ ಏನೂ ಅನ್ನಲಿಲ್ಲ. ಬಿ.ಕಾಂ. ಸೇರಿದ್ಲು. ಚಿತ್ರ ತಗಿಯೂದು ತಾನ ನಿಂತುಹೋತು.

ಅಜ್ಜಿ ಕಾಲೇಜಿಗೆ ಹೋಗಿರಲಿಲ್ಲ, ಖರೆ. ಆದ್ರ ಒಬ್ಬಾಕಿನ ಕೂತೂ ಕಲ್ತಿರಲಿಲ್ಲ. ಕಟ್ಟಿ ಮ್ಯಾಲೆ ಆಕಿ ಅತ್ತಿ ಬಾಜೂಕ ಇರ್ತಿದ್ಲಂತ. ಗವಂತಿ ಹಾಕಿದ್ರ ಸೀರಿ ಒಳಗೂ ಹೊರಗೂ ಒಂದ ಥರಾ ಕಾಣಬೇಕು, ಗಂಟು ಬೀಳಬಾರದು. ಬಿತ್ತಂದ್ರ ಅತ್ತಿ ಬಿಚ್ಚಿಸಿ ಮತ್ತ ಹಾಕಸ್ತಿದ್ಲು. ಆ ಕಟ್ಟಿನ ಅಜ್ಜಿ ಶಾಲಿ. ಸೂಜಿ-ದಾರಕ್ಕ ಕಟ್ಟಿ ಸಾಕು. ಆದ್ರ ಅಚ್ಚಿನ ಯಂತ್ರ, ಮಣ್ಣು ಸುಡೂ ಭಟ್ಟಿ, ಕುಣಿಯೂದಕ್ಕ ಮರದ ನೆಲ ಇವನ್ನ ಯಾರ ಮನ್ಯಾಗ ಇಟ್ಟಾರು? ಮೊಣಕೈ ತಿದ್ದೋವ್ರನ್ನ ಎಲ್ಲಿಂದ ತಂದಾರು?

ಆ ಹುಡುಗೂರೊಳಗ ಎಷ್ಟೋ ಮಂದಿ ಅದೇ ಊರಿನ ಟೆಂಪಲ್ ಯೂನಿವರ್ಸಿಟಿಗೆ ಸೇರಿಕೊಂಡ್ರು ಅಂತ ಆಮ್ಯಾಲೆ ಗೊತ್ತಾತು. ಅವರ ಕಾಲೇಜು ಸೆಪ್ಟೆಂಬರದಾಗ ದಿವಾಳಿ ಅರ್ಜಿ ಹಾಕಿತು. ಅಲ್ಲಿ ರೊಕ್ಕ ಇಲ್ಲಂತ ಬಾಗಲಾ ಮುಚ್ಚಿದ್ರು. ನಮ್ಮ ಮನ್ಯಾಗ ಬಾಗಲಾ ತಗದ ಇತ್ತು, ಅಡ್ಡ ನಿಂತಾಕಿ ನಾನು.

ಅಕ್ಕಾ, ಇದನ್ನ ನೀ ಓದತೀ ಅಂತ ಗೊತ್ತು. ಫೋನಿನ್ಯಾಗ ಹೇಳಾಕ ಬಾಯಿ ಬರಲಿಲ್ಲ. ಆಕಿ ಕಡೀ ವರ್ಷದ ಪರೀಕ್ಷಾ ಮುಗೀಲಿ. ಆಮ್ಯಾಲೆ ಏನ ಕಲೀತಿ ಅಂತ ಆಕಿನ್ನ ಕೇಳು. ನಾವ್ಯಾರೂ ಸುತ್ತ ಕೂಡೂದು ಬ್ಯಾಡ. ಚಿತ್ರ ಅಂದ್ರ ಫೀ ನಂದು. ಬ್ಯಾಡ ಅಂದ್ರೂ ಆಕಿ ಮ್ಯಾಲೆ ಸಿಟ್ಟಾಗಬ್ಯಾಡ. ಇಷ್ಟು ವರ್ಷ ಬಿಟ್ಟ ಕೈ ಅದು, ಬಿಡಿಸಿದಾಕಿ ಅಕಿ ಮೌಶಿ.