ನಡತೆಯ ಪತ್ರ

ಆವರಗೆರೆಯ ನಮ್ಮ ಮನೆಗೆ ಮೊನ್ನೆ ಹಳೆಯ ಶಿಷ್ಯನೊಬ್ಬನು ಬಂದನು. ದುಬೈಯಲ್ಲಿ ಉದ್ಯೋಗ ದೊರೆಯುವ ಸಂಭವ. ಆದರೆ ಹಿಂದೊಮ್ಮೆ ಜಾತ್ರೆಯ ಜಗಳದಲ್ಲಿ ಕೈಮಾಡಿ ನ್ಯಾಯಾಲಯದಲ್ಲಿ ದಂಡ ತೆತ್ತವನು. ಪಾಸ್‌ಪೋರ್ಟೇ ಸಿಕ್ಕದೆಂಬ ಭಯ. 1967ನೆಯ ಇಸವಿಯ ಕಾಯಿದೆಯನ್ನು ತೆಗೆದು ತೋರಿಸಿದೆನು. ಕಳೆದ 5 ವರ್ಷಗಳೊಳಗೆ ನೈತಿಕ ಅಧಃಪತನದ ಅಪರಾಧಕ್ಕಾಗಿ 2 ವರ್ಷಕ್ಕೆ ಕಡಮೆಯಲ್ಲದ ಸೆರೆಯಾಗಿದ್ದರೆ ನಿರಾಕರಿಸಬಹುದು; ಮೊಕದ್ದಮೆ ಇನ್ನೂ ನಡೆಯುತ್ತಿದ್ದರೂ ಅಡ್ಡಿಯುಂಟು. ತೆತ್ತು ತೀರಿದ ದಂಡಕ್ಕೆ ಆ ಕಲಮು ತಗುಲದು. ಅವನ ಮುಖವರಳಿತು.

"ಹಾಗಾದರೆ ಗುರುಗಳೇ, ಕೆಲಸ ಕೊಡುವವರ ಅರ್ಜಿಯಲ್ಲಿ ಶಿಕ್ಷೆಯಾಗಿಲ್ಲವೆಂದೇ ಬರೆಯಲೆ? ನಿಮ್ಮ ನಡತೆಯ ಪತ್ರದಲ್ಲಿಯೂ ಅದನ್ನೆತ್ತಬೇಡಿ."

"ಅವರು ಪೊಲೀಸರ ಪ್ರಮಾಣಪತ್ರ ಕೇಳಿದರೆ?" ಎಂದೆನು. ಉತ್ತರವಿಲ್ಲ.

ಜಗಳವನ್ನೂ ದಂಡವನ್ನೂ, ಅನಂತರದ ಅವನ ನೆಟ್ಟನೆಯ ಬಾಳನ್ನೂ ಸೇರಿಸಿಯೇ ಬರೆದುಕೊಟ್ಟೆನು. ಎರಡು ಸಲ ಓದಿ, ಮಡಿಸಿ ಜೇಬಿನಲ್ಲಿಟ್ಟುಕೊಂಡು ಹೋದನು.