ರಾಣಿ ನಿಲ್ಲಿಸದ ಕೆಲಸ

ಪ್ರಿಯ ಗೆಳತಿ,

ಫಿರಂಗಿ ಬಂದ ಮೇಲೆ ಕೋಟೆ ಕಟ್ಟುವವರು ಏನು ಮಾಡಿದರು ಎಂದು ಕೇಳಿದ್ದೀರಿ. ನನಗೆ ತಟ್ಟನೆ ನೆನಪಾದದ್ದು ಸ್ಕಾಟ್ಲೆಂಡಿನ ರೇವನ್ಸ್‌ಕ್ರೇಗ್. ಫೈಫ್ ಸೀಮೆಯ ಕರ್ಕಾಡಿ ಪಟ್ಟಣದಲ್ಲಿ, ಫೋರ್ತ್ ನದಿಯ ಅಳಿವೆಗೆ ಮೂತಿ ಚಾಚಿದ ಬಂಡೆಯ ಮೇಲಿದೆ ಈ ಪಾಳುಕೋಟೆ. (ಆಡಮ್ ಸ್ಮಿತ್ ಹುಟ್ಟಿದ ಊರೇ. ಊರಿನ ಹೆಸರನ್ನು ಸ್ಪೆಲ್ಲಿಂಗ್ ನೋಡಿ ಓದಿದರೆ ‘ಕಿರ್ಕಾಲ್ಡಿ’ ಎನ್ನುತ್ತೀರಿ, ಊರಿನವರು ನಗುತ್ತಾರೆ.)

ಮೂರು ಕಡೆ ಕಡಲು ಕಾಯುತ್ತದೆ. ಭಯವೆಲ್ಲ ನೆಲದ ಕಡೆಯಿಂದ. ಹಾಗಾಗಿ ಆ ಕಡೆಗೆ ಬಂಡೆ ಕಡಿದು ಕಂದಕ ತೋಡಿದರು. ಅದರ ಹಿಂದೆ ಎರಡು ಬುರುಜು, ನಡುವೆ ಎರಡನ್ನೂ ಬೆಸೆಯುವ ಕಟ್ಟಡ, ಅದರ ಮೇಲೆ ತೋಪು ನಿಲ್ಲಿಸಲು ಬಯಲು ಜಗಲಿ. ಬುರುಜುಗಳ ಮುಖ ದುಂಡಗಿದೆ. ಚಪ್ಪಟೆ ಗೋಡೆಗೆ ಗುಂಡು ನೇರ ಬಡಿಯುತ್ತದೆ, ದುಂಡು ಗೋಡೆಯಲ್ಲಿ ಜಾರಿಹೋಗುವ ಸಂಭವ ಹೆಚ್ಚು. ಗೋಡೆಯ ದಪ್ಪ ಕೆಲವು ಕಡೆ 14 ಅಡಿ! ನಾನು ಎರಡೂ ಕೈ ಚಾಚಿ ನಿಂತರೂ ಅರ್ಧಕ್ಕೆ ಸಾಲದು. ಆ ದಪ್ಪದೊಳಗೆ ಬೀಗದ ತೂತಿನ ಆಕಾರದ ಕಿಂಡಿಗಳು: ಮೇಲಿನ ಸೀಳು ಗುರಿ ನೋಡಲು, ಕೆಳಗಿನ ದುಂಡು ತೂತು ತೋಪಿನ ಬಾಯಿಗೆ. ಸ್ಕಾಟ್ಲೆಂಡಿನಲ್ಲಿ ಫಿರಂಗಿಯನ್ನೇ ಮನಸ್ಸಿನಲ್ಲಿಟ್ಟುಕೊಂಡು ಕಟ್ಟಿದ ಮೊದಮೊದಲ ಕೋಟೆಗಳಲ್ಲಿ ಇದೊಂದು.

ನಿಮ್ಮ ಪ್ರಶ್ನೆಗೆ ಉತ್ತರ ಇಷ್ಟೇ. ಆದರೆ ನಾನು ಈ ಕಾಗದ ಬರೆಯಲು ಕೂತದ್ದು ಬೇರೆ ಕಾರಣಕ್ಕೆ.

ಕೋಟೆಯ ಕೆಲಸ ಶುರುವಾದದ್ದು 1460ರಲ್ಲಿ, ಎರಡನೆಯ ಜೇಮ್ಸ್ ದೊರೆಯ ಕಾಲದಲ್ಲಿ, ಅವನ ರಾಣಿ ಮೇರಿಗಾಗಿ. ಗೆಲ್ಡರ್ಸ್ ಸೀಮೆಯ ಈ ಹೆಣ್ಣುಮಗಳು ಬೆಳೆದದ್ದು ಬರ್ಗಂಡಿಯ ಡ್ಯೂಕ್ ಫಿಲಿಪ್ಪನ ಆಸ್ಥಾನದಲ್ಲಿ. 1449ರಲ್ಲಿ ಜೇಮ್ಸನ ಕೈಹಿಡಿದಳು. ದೊರೆಗೆ ತೋಪಿನ ಹುಚ್ಚು. 1457ರಲ್ಲಿ ಅದೇ ಫಿಲಿಪ್ ಅವನಿಗೆ ಕಳಿಸಿದ ಉಡುಗೊರೆಯೂ ತೋಪೇ: ಮಾನ್ಸ್ ಮೆಗ್ ಎಂಬ ಆರು ಟನ್ ತೂಕದ ದೈತ್ಯೆ, ಇಂದಿಗೂ ಎಡಿನ್‌ಬರೋ ಕೋಟೆಯಲ್ಲಿ ಕೂತಿದ್ದಾಳೆ. ತವರಿನ ಕಡೆಯಿಂದ ಬರುವ ಉಡುಗೊರೆ ನೋಡಿ!

1460ರ ಆಗಸ್ಟ್ 3ರಂದು ಜೇಮ್ಸ್ ಇಂಗ್ಲಿಷರ ಕೈಯಲ್ಲಿದ್ದ ರಾಕ್ಸ್‌ಬರೋ ಕೋಟೆಗೆ ಮುತ್ತಿಗೆ ಹಾಕಿದ್ದ. ತನ್ನದೇ ತೋಪಿನ ಪಕ್ಕ ನಿಂತಿದ್ದಾಗ ಅದು ಸಿಡಿಯಿತು, ಚೂರು ಬಡಿದು ದೊರೆ ಸತ್ತ. ವಯಸ್ಸು 29. ರಾಣಿ ಬಂದ ಸಂಭ್ರಮಕ್ಕೇ ಆ ತೋಪು ಹಾರಿಸಿದ್ದು ಎಂದೂ ಹೇಳುತ್ತಾರೆ. ಅದು ಆಮೇಲೆ ಸೇರಿದ ಕತೆಯಾಗಿದ್ದರೂ ಕೇಳಿದಾಗ ಎದೆ ಧಸಕ್ಕೆನ್ನುತ್ತದೆ.

ಮುತ್ತಿಗೆ ನಿಲ್ಲಲಿಲ್ಲ, ಕೆಲವೇ ದಿನಗಳಲ್ಲಿ ರಾಕ್ಸ್‌ಬರೋ ಬಿತ್ತು. ಎಂಟು-ಒಂಬತ್ತರ ಮಗನಿಗೆ ಪಟ್ಟ ಕಟ್ಟಿ ಮೇರಿ ರಾಜ್ಯಭಾರ ಹೊತ್ತಳು. ಜೊತೆಗೆ ರೇವನ್ಸ್‌ಕ್ರೇಗ್ ಕೆಲಸವನ್ನೂ ಮುಂದುವರಿಸಿದಳು. ಮುಖ್ಯ ಕಲ್ಲುಕುಟಿಗ ಹೆನ್ರಿ ಮರ್ಲಿಯನ್, ಉಸ್ತುವಾರಿ ಡೇವಿಡ್ ಬಾಯ್ಸ್. ಗಂಡನನ್ನು ಕೊಂದ ವಸ್ತುವಿಗೆ ಗೋಡೆಯಲ್ಲಿ ಎಷ್ಟಗಲ ಕಿಂಡಿ ಬಿಡಬೇಕೆಂದು ಅವರು ಕೇಳಲು ಬಂದರೆ ಅವಳು ಏನೆನ್ನುತ್ತಿದ್ದಳೋ! ಇದು ನನ್ನ ಕಲ್ಪನೆ. ಆದರೂ ಆ ಕಿಂಡಿಯೊಳಗೆ ಕೈಯಿಟ್ಟಾಗ ನನಗೆ ಯುದ್ಧತಂತ್ರ ನೆನಪಾಗಲಿಲ್ಲ, ಅವಳೇ ನೆನಪಾದಳು.

ಅವಳೂ ಹೆಚ್ಚು ಕಾಲ ಬದುಕಲಿಲ್ಲ. 1463ರಲ್ಲಿ ತೀರಿಕೊಂಡಾಗ ಕೋಟೆ ಪೂರ್ತಿಯಾಗಿರಲಿಲ್ಲ. 1470ರಲ್ಲಿ ಮಗ ಮೂರನೆಯ ಜೇಮ್ಸ್ ಅದನ್ನು ವಿಲಿಯಂ ಸಿಂಕ್ಲೇರನಿಗೆ ಕೊಟ್ಟು, ಬದಲಿಗೆ ಆರ್ಕ್ನಿ ದ್ವೀಪಗಳ ಮೇಲಿನ ಹಕ್ಕು ಪಡೆದ. ಅಮ್ಮನ ಮನೆ ಒಂದು ವ್ಯವಹಾರದಲ್ಲಿ ಮುಗಿಯಿತು. 1651ರಲ್ಲಿ ಇಂಗ್ಲೆಂಡಿನ ಕ್ರಾಮ್ವೆಲ್ಲನ ಸೈನ್ಯ ಬಂದು ಕೋಟೆಯನ್ನು ಜಖಂ ಮಾಡಿತು.

ಮೇರಿಯನ್ನು ಮಣ್ಣು ಮಾಡಿದ್ದು ಎಡಿನ್‌ಬರೋದಲ್ಲಿ, ಅವಳೇ ಸ್ಥಾಪಿಸಿದ ಟ್ರಿನಿಟಿ ಇಗರ್ಜಿಯಲ್ಲಿ. 1848ರಲ್ಲಿ ರೈಲು ನಿಲ್ದಾಣಕ್ಕೆ ಜಾಗ ಬೇಕೆಂದು ಅದನ್ನೂ ಬಿಚ್ಚಿದರು. ಆದರೆ ಕರ್ಕಾಡಿಯಲ್ಲಿ ಅವಳ ಪಶ್ಚಿಮದ ಬುರುಜು ಇನ್ನೂ ನೆಟ್ಟಗಿದೆ. ನೀವು ಹೋದರೆ ಕಡಲಗಾಳಿಗೆ ಒಂದು ದಪ್ಪ ಶಾಲು ಒಯ್ಯಿರಿ.

ನಿಮ್ಮ ಗೆಳತಿ